ಎಂಬತ್ತಾಯ್ತು!

"ಎಂಬತ್ತಾಯ್ತು, ಎಂಬತ್ತಾಯ್ತು!" ಎನ್ನುತ್ತಾ ಸೀನ ಮಾತು ಅರ್ಧಕ್ಕೇ ಬಿಟ್ಟು ಗೋಡೆಯ ಕಡೆ ಓಡಿದ.

"ಯಾರಿಗೋ? ನಿಮ್ಮ ತಾತನಿಗಾ?" ಎಂದ ಮೂರ್ತಿ.

"ಫೋನಿನ ಬ್ಯಾಟರಿಗೆ ಕಣೋ. 20 ಪರ್ಸೆಂಟಿಗಿಂತ ಕೆಳಗೆ ಇಳಿಸಬಾರದು, 80ಕ್ಕಿಂತ ಮೇಲೆ ಹತ್ತಿಸಬಾರದು."

"ಭೇಷ್" ಎಂದೆ. "ಮುಂದೆಂದೋ ಬ್ಯಾಟರಿ ಸವೆದು ಕಮ್ಮಿಯಾಗುತ್ತದೆ ಅಂತ ಇವತ್ತಿನಿಂದಲೇ ಕಮ್ಮಿ ಮಾಡಿಕೊಂಡಿದ್ದೀಯ."

ರಂಗಣ್ಣ ತಲೆಯಾಡಿಸಿದರು. "ನಾವೆಲ್ಲ ಪೂರ್ತಿ ಖಾಲಿಯಾದ ಮೇಲೇ ಚಾರ್ಜಿಗೆ ಹಾಕುತ್ತಿದ್ದೆವಪ್ಪ. ಇಲ್ಲದಿದ್ದರೆ ಬ್ಯಾಟರಿ ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತದೆ."

"ಅದು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು ರಂಗಣ್ಣ" ಎಂದೆ. " 1991ರಲ್ಲಿ ಮಾರುಕಟ್ಟೆಗೆ ಬಂತಲ್ಲ, ಈಗಿನ ಫೋನಿನಲ್ಲಿರುವ ಈ ಲಿಥಿಯಂ-ಅಯಾನ್ ಬ್ಯಾಟರಿ, ಇದಕ್ಕೆ ಆ ನೆನಪಿನ ಕಾಟ ಇಲ್ಲ. ನಿಮಗೆ ಮಾತ್ರ ಇದೆ. ಪೂರ್ತಿ ಖಾಲಿ ಮಾಡಿದರೆ ಇದಕ್ಕೆ ಕಷ್ಟವೇ ಜಾಸ್ತಿ."

"ಹಾಗಾದರೆ ನಾನೇ ಸರಿ ಅಲ್ವಾ?" ಸೀನ ಎದೆಯುಬ್ಬಿಸಿದ.

"ಸರಿಯೇ, ಅದೇ ನನ್ನ ತಲೆನೋವು! ತುಂಬಿದ ಸೆಲ್ಲಿನ ವೋಲ್ಟೇಜು ಸುಮಾರು 4.2 ವೋಲ್ಟಿಗೆ ಏರುತ್ತದೆ. ಅಷ್ಟು ಮೇಲೆ ಗಂಟೆಗಟ್ಟಲೆ ಕೂತರೆ ಬೇಗ ಸವೆಯುತ್ತದೆ. ಬಿಸಿ ಸೇರಿದರಂತೂ ಮುಗಿಯಿತು. ಆದರೆ ನೀನು 80ಕ್ಕೆ ಓಡಿ ಹೋಗಿ ಕಿತ್ತ ಫೋನನ್ನೇ ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬರುತ್ತೀಯಲ್ಲ?"

"ದಿನಕ್ಕೆ ಎರಡು ಸಲ ಹಾಕಿದರೆ ಬ್ಯಾಟರಿಯ ಆಯುಸ್ಸಿನಲ್ಲಿ ಎರಡು ಚಾರ್ಜ್ ಸೈಕಲ್ ಹೋಗಲ್ವಾ?" ಮೂರ್ತಿಯದು ಬೇರೆಯದೇ ಚಿಂತೆ.

"ಒಟ್ಟು ನೂರು ಪರ್ಸೆಂಟ್ ಆದರೆ ಒಂದು ಸೈಕಲ್. ಐವತ್ತೈವತ್ತು ಹಾಕಿದರೆ ಸೇರಿ ಒಂದೇ. ಸೀನಾ, 80ಕ್ಕೆ ತಾನೇ ನಿಲ್ಲಿಸುವ ಸೆಟ್ಟಿಂಗು ಈಗ ಎಷ್ಟೋ ಫೋನಿನಲ್ಲೇ ಇರುತ್ತದೆ. ಆನ್ ಮಾಡಿ ಸುಮ್ನೆ ಮಲಗು."

"ಅದನ್ನು ನಂಬೋದು ಹೇಗೆ? ನಿಂತಿತೋ ಇಲ್ಲವೋ ಆಗಾಗ ನೋಡಬೇಕು."

"ನೋಡುವುದಕ್ಕೆ ಸ್ಕ್ರೀನ್ ಹಚ್ಚುತ್ತೀಯಲ್ಲ, ಆ ಬ್ಯಾಟರಿ ಯಾರಪ್ಪನದು?"

ರಂಗಣ್ಣ ನಗಲಿಲ್ಲ. "ನನ್ನ ಹಳೇ ಫೋನು ಡ್ರಾಯರಿನಲ್ಲಿದೆ. ಅದರಲ್ಲಿ ನಮ್ಮವಳ ದನಿ ಇತ್ತು. ಖಾಲಿಯಾದಾಗ ಹಾಗೇ ಎತ್ತಿಟ್ಟೆ. ಈಗ ಚಾರ್ಜರ್ ಹಾಕಿದರೂ ಏಳುತ್ತಿಲ್ಲ."

ಎತ್ತಿಡುವ ಮುಂಚೆ ಅರ್ಧ ತುಂಬಿಸಬೇಕಿತ್ತು, ಆಗಾಗ ತೆಗೆದು ನೋಡಬೇಕಿತ್ತು. ಅದನ್ನೀಗ ಅವರ ಮುಂದೆ ಹೇಳಿ ಏನು ಪ್ರಯೋಜನ? "ದನಿ ಇರುವುದು ಬ್ಯಾಟರಿಯಲ್ಲಲ್ಲ ರಂಗಣ್ಣ, ಮೆಮೊರಿಯಲ್ಲಿ. ಬ್ಯಾಟರಿ ಬದಲಾಯಿಸಿ ನೋಡೋಣ, ಸಿಕ್ಕರೂ ಸಿಗಬಹುದು."

"ನಿಜವಾಗಿಯೂ?" ರಂಗಣ್ಣ ನೆಟ್ಟಗೆ ಕೂತರು. ಆಮೇಲೆ ಸ್ವಲ್ಪ ನಾಚಿಕೊಂಡು, "ಅದರಲ್ಲಿರೋದು ಬರೀ ಬೈಗುಳ ಕಣ್ರೋ. ಫೋನ್ ಮಾಡಿದರೆ ಯಾಕೆ ಎತ್ತಲ್ಲ ಅಂತ."

"ಹಾಗಿದ್ದರೆ ತುಂಬಾ ಹೊತ್ತು ಬರುವ ಬ್ಯಾಟರಿಯನ್ನೇ ಹಾಕಿಸೋಣ ಬಿಡಿ" ಎಂದ ಮೂರ್ತಿ.