ಟ್ರಾನ್ಸೆಂಡೆಂಟಲ್ ಸಂಖ್ಯೆ: 40 ನಿಮಿಷದ ಸೆಮಿನಾರಿಗೆ ಯಾವ ಪ್ರೂಫ್ ಹಿಡೀಬೇಕು?

ಬಿ.ಎಸ್ಸಿ. ಕೊನೆಯ ವರ್ಷ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಕ್ಲಾಸಿನ್ಯಾಗ ಟ್ರಾನ್ಸೆಂಡೆಂಟಲ್ ಸಂಖ್ಯೆ ಮ್ಯಾಲ 40 ನಿಮಿಷ ಸೆಮಿನಾರ್ ಕೊಡೋದದ. ಬೋರ್ಡು, ಚಾಕ್‌ಪೀಸ್ ಅಷ್ಟೇ, ಪ್ರೊಜೆಕ್ಟರ್ ಇಲ್ಲ. ಕೇಳೋರಿಗೆ ಕ್ಯಾಲ್ಕುಲಸ್ ಬರ್ತದ, ಫೀಲ್ಡ್ ಥಿಯರಿ ಇನ್ನೂ ಆಗಿಲ್ಲ. ಪೈ ಟ್ರಾನ್ಸೆಂಡೆಂಟಲ್ ಅಂತ ಪೂರ್ತಿ ಪ್ರೂಫ್ ಮಾಡಿ ತೋರಸಬೇಕಂತ ಆಸೆ ಅದ. ಆಗ್ತದೇನ್ರಿ? ಎಲ್ಲಿಂದ ಶುರು ಮಾಡ್ಲಿ, ತಪ್ಪು ಎಲ್ಲಿ ಬೀಳ್ತದ?

ಪದವಿ ಕಾಲೇಜು ಉಪನ್ಯಾಸಕರು, ಕಲಬುರಗಿ

ಪೈ ಪ್ರೂಫ್ ಈಗ ಬ್ಯಾಡ್ರಿ. 1882ರಾಗ ಲಿಂಡೆಮನ್ ಮಾಡಿದ್ದನ್ನ ಎಷ್ಟ ಸರಳ ಮಾಡಿದ್ರೂ ಸಿಮೆಟ್ರಿಕ್ ಬಹುಪದೋಕ್ತಿಗಳ ಪ್ರಮೇಯ ಬೇಕು. ಅದನ್ನ ಹೇಳ್ಕೋತ ಕೂತ್ರ ಅಲ್ಲೇ ಬೆಲ್ ಹೊಡೀತದ. ಲಿಯೂವಿಲ್ ಸಂಖ್ಯೆ ಹಿಡೀರಿ. ಟ್ರಾನ್ಸೆಂಡೆಂಟಲ್ ಸಂಖ್ಯೆ ಅದಾವ ಅಂತ ಮೊದಲು ಸಾಧಿಸಿದವರು ಅವರೇ, 1844ರಾಗ. ಪ್ರೂಫಿಗೆ ಮೀನ್ ವ್ಯಾಲ್ಯೂ ಥಿಯರಮ್ ಒಂದು ಬಂದ್ರ ಸಾಕು.

ವ್ಯಾಖ್ಯೆಗೆ 5 ನಿಮಿಷ ಕೊಡ್ರಿ. ಪೂರ್ಣಾಂಕ ಸಹಗುಣಕಗಳಿರೋ, ಸೊನ್ನೆಯಲ್ಲದ ಯಾವುದರೇ ಬಹುಪದೋಕ್ತಿಗೆ ಮೂಲ ಆದ್ರ ಅದು ಬೀಜಗಣಿತೀಯ ಸಂಖ್ಯೆ, ಯಾವುದಕ್ಕೂ ಮೂಲ ಅಲ್ಲಂದ್ರ ಟ್ರಾನ್ಸೆಂಡೆಂಟಲ್. ‘ಪೂರ್ಣಾಂಕ’ ಅನ್ನೋದನ್ನ ಹೇಳಲಿಕ್ಕೆ ಮರೆತ್ರ ಯಾರರೇ ಎದ್ದು ‘ಎಕ್ಸ್ − ಪೈ = 0’ ಅಂತ ಬರೀತಾರ, ಅಲ್ಲಿಗೆ ಮುಗೀತು.

ಆಮ್ಯಾಲ ಸಂಖ್ಯೆ. ದಶಮಾಂಶ ಬಿಂದು ಆದ ಮ್ಯಾಲ 1, 2, 6, 24, 120 ಹಿಂಗ ಕ್ರಮಗುಣಿತದ ಸ್ಥಾನದಾಗ ಮಾತ್ರ 1, ಉಳಿದದ್ದೆಲ್ಲ 0. ಇದಕ್ಕ ‘ಲ’ ಅನ್ರಿ. ಬೋರ್ಡಿನ ಮ್ಯಾಲ 24ನೇ ಸ್ಥಾನದ ತನಕ ಬರದೇ ತೋರಸ್ರಿ: 0.110001000000000000000001. ಆ ಸೊನ್ನೆಗಳ ಸಾಲೇ ಪ್ರೂಫಿನ ಜೀವ.

ಎನ್ ಸಲ 1 ಬಂದ ಮ್ಯಾಲ ಕತ್ತರಿಸ್ರಿ. ಸಿಗೋ ಭಿನ್ನರಾಶಿ ಪಿ/ಕ್ಯೂ, ಅದರಾಗ ಕ್ಯೂ = 10 ಪವರ್ ಎನ್!. ಬಿಟ್ಟ ಬಾಲ 2/ಕ್ಯೂ ಪವರ್ (ಎನ್+1)ಕ್ಕಿಂತ ಸಣ್ಣದು. ಎನ್ = 3 ಇಟ್ಟು ನೋಡ್ರಿ: 0.110001, ಕ್ಯೂ ಹತ್ತು ಲಕ್ಷ, ಬಾಲ ಸುಮಾರು 10 ಪವರ್ −24, ಅಂದ್ರ 1/ಕ್ಯೂ ಪವರ್ 4.

ಈಗ ‘ಲ’ ಅನ್ನೋದು ಡಿಗ್ರಿ ಡಿ ಇರೋ ಪೂರ್ಣಾಂಕ ಬಹುಪದೋಕ್ತಿ ಎಫ್‌ಗೆ ಮೂಲ ಅಂತ ಇಟ್ಕೋರಿ. ಎಫ್‌ನಾಗ ಪಿ/ಕ್ಯೂ ಹಾಕಿದ್ರ ಬರೋದು ‘ಒಂದು ಪೂರ್ಣಾಂಕ ಭಾಗಿಸು ಕ್ಯೂ ಪವರ್ ಡಿ’. ಅದು ಸೊನ್ನೆ ಅಲ್ಲಂದ್ರ ಅದರ ನಿರಪೇಕ್ಷ ಬೆಲೆ ಕಡಿಮಿ ಅಂದ್ರೂ 1/ಕ್ಯೂ ಪವರ್ ಡಿ. ಇನ್ನೊಂದ ಕಡೆ, 0 ಮತ್ತ 1ರ ನಡುವ ಎಫ್‌ನ ಡೆರಿವೇಟಿವ್ ಎಲ್ಲೂ ಎಂ ಮೀರಂಗಿಲ್ಲ ಅಂದ್ರ, ಮೀನ್ ವ್ಯಾಲ್ಯೂ ಥಿಯರಮ್ ಪ್ರಕಾರ ಅದೇ ಬೆಲೆ 2ಎಂ/ಕ್ಯೂ ಪವರ್ (ಎನ್+1) ದಾಟಂಗಿಲ್ಲ. ಎರಡೂ ಸೇರಿಸಿದ್ರ ಕ್ಯೂ ಪವರ್ (ಎನ್+1−ಡಿ) ≤ 2ಎಂ. ಎನ್ ಏರಿಸ್ಕೋತ ಹೋದ್ರ ಎಡಗಡೆ ಮಿತಿ ಇಲ್ದಂಗ ಬೆಳೀತದ, ಬಲಗಡೆ ಇದ್ದಲ್ಲೇ ಇರ್ತದ. ವೈರುಧ್ಯ ಬಂತು.

ತಪ್ಪು ಬೀಳೋದು ಕ್ರಮದಾಗ. ಡಿ ಮತ್ತ ಎಂ ಎಫ್‌ನಿಂದ ಬರ್ತಾವ, ಎನ್‌ಗೂ ಅವಕ್ಕೂ ಸಂಬಂಧ ಇಲ್ಲ. ಅವೆರಡನ್ನ ಬೋರ್ಡಿನ ಮೂಲ್ಯಾಗ ಮೊದಲೇ ಬರೆದು ಚೌಕ ಹಾಕ್ರಿ, ಆಮ್ಯಾಲೇ ಎನ್ ಆರಿಸ್ರಿ. ಎನ್ ಜೋಡಿ ಎಂ ಕೂಡ ಬೆಳೀತದ ಅಂತ ಯಾರಿಗರೇ ಅನಿಸ್ತಂದ್ರ ಪ್ರೂಫ್ ನಿಲ್ಲಂಗಿಲ್ಲ.

ಎಂ.ಎಸ್ಸಿ. ಬೋಧಕರು, ಬೀದರ್

ಮೇಲಿನವರ ಮಾತೇ ಸರಿ. ಅದಕ್ಕೆ ಮೊದಲು 6–7 ನಿಮಿಷ 2.71828… ಎಂಬ ‘ಇ’ ಅಭಾಗಲಬ್ಧ ಅನ್ನೋದನ್ನು ಮಾಡಿಬಿಡಿ, ಕೇಳುವವರ ಮನಸ್ಸು ಹದಕ್ಕೆ ಬರುತ್ತದೆ. ಇ = ಎ/ಬಿ ಎಂದುಕೊಂಡು 1 + 1/1! + 1/2! + … ಶ್ರೇಣಿಯನ್ನು ಬಿ! ನಿಂದ ಗುಣಿಸಿ. ಎಡಗಡೆ ಪೂರ್ಣಾಂಕ. ಬಲಗಡೆಯೂ 1/ಬಿ! ವರೆಗಿನ ಪದಗಳು ಪೂರ್ಣಾಂಕಗಳೇ. ಉಳಿದ ಪದಗಳ ಮೊತ್ತ 0ಗಿಂತ ದೊಡ್ಡದು, 1/ಬಿಗಿಂತ ಚಿಕ್ಕದು. 0 ಮತ್ತು 1ರ ನಡುವೆ ಪೂರ್ಣಾಂಕ ಇರಲು ಸಾಧ್ಯವಿಲ್ಲ. ಲಿಯೂವಿಲ್ ಪ್ರೂಫಿನಲ್ಲೂ ಇದೇ ಯುಕ್ತಿ, 1873ರಲ್ಲಿ ಹರ್ಮೀಟ್ ‘ಇ’ ಟ್ರಾನ್ಸೆಂಡೆಂಟಲ್ ಎಂದು ಸಾಧಿಸಿದ್ದರ ತಿರುಳೂ ಇದೇ. ಆ ಎಳೆಯನ್ನು ಬಾಯಿಬಿಟ್ಟು ಹೇಳಿ.

‘ಹಾಗಾದರೆ ಪೈಗೂ ಲಿಯೂವಿಲ್ ದಾರಿಯೇ ಸಾಲದೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ಆ ದಾರಿಗೆ ಮಿತಿಮೀರಿ ಹತ್ತಿರ ಬರುವ ಭಿನ್ನರಾಶಿಗಳು ಬೇಕು. ಪೈಗೆ 355/113 ಎಷ್ಟು ಚೆನ್ನಾಗಿದ್ದರೂ ವ್ಯತ್ಯಾಸ ಒಂದು ಕೋಟಿಯಲ್ಲಿ ಸುಮಾರು 2.7 ಭಾಗ ಇದ್ದೇ ಇದೆ. ಪೈಗೂ ಪಿ/ಕ್ಯೂಗೂ ಇರುವ ಅಂತರ (ಕ್ಯೂ 2 ಅಥವಾ ಹೆಚ್ಚು) 1/ಕ್ಯೂ ಪವರ್ 42ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ ಎಂದು ಮಾಹ್ಲರ್ 1953ರಲ್ಲಿ ತೋರಿಸಿದರು.

ಪೈ ಬಗ್ಗೆ ಏನಾದರೂ ಹೇಳಲೇಬೇಕೆಂದರೆ ಲಿಂಡೆಮನ್ ಪ್ರಮೇಯವನ್ನು ಪ್ರೂಫ್ ಇಲ್ಲದೆ ಹೇಳಿ: ಸೊನ್ನೆಯಲ್ಲದ ಬೀಜಗಣಿತೀಯ ಸಂಖ್ಯೆಯನ್ನು ‘ಇ’ಗೆ ಪವರ್ ಕೊಟ್ಟರೆ ಟ್ರಾನ್ಸೆಂಡೆಂಟಲ್ ಸಿಗುತ್ತದೆ. ಇ ಪವರ್ (ಐ × ಪೈ) = −1 (ಐ ಎಂದರೆ √−1), ಇದು ಬೀಜಗಣಿತೀಯ. ಆದ್ದರಿಂದ ಐ × ಪೈ ಬೀಜಗಣಿತೀಯವಲ್ಲ, ಐ ಬೀಜಗಣಿತೀಯವಾದ್ದರಿಂದ ಪೈ ಕೂಡ ಅಲ್ಲ. ಮೂರು ಸಾಲು, ಅಷ್ಟೇ.

ಪಿ.ಯು. ಗಣಿತ ಉಪನ್ಯಾಸಕರು, ಯಾದಗಿರಿ

ಕ್ಯಾಲ್ಕುಲೇಟರ್ ನಂಬ್ಕೊಂಡು ಯಾವ ಉದಾಹರಣೆನೂ ಕೊಡಬ್ಯಾಡ್ರಿ. 31ರ ಘನಮೂಲ 3.14138, √2 + √3 = 3.14626. ಎರಡೂ ಪೈ ಹತ್ರ ಹತ್ರ ಅದಾವ, ಎರಡೂ ಬೀಜಗಣಿತೀಯ. ಎರಡನೇದ್ದು ಎಕ್ಸ್⁴ − 10ಎಕ್ಸ್² + 1 = 0ರ ಮೂಲ. ಇದನ್ನ ಹುಡುಗರ ಕೈಲೇ ಮಾಡಸ್ರಿ: ಒಮ್ಮೆ ವರ್ಗ ಮಾಡಿದ್ರ 5 + 2√6, 5 ಆ ಕಡೆ ಒಯ್ದು ಮತ್ತೊಮ್ಮೆ ವರ್ಗ ಮಾಡಿದ್ರ ಆಯ್ತು. ತದ್ವಿರುದ್ಧ ‘ಇ ಪವರ್ (ಪೈ × √163)’ ನೋಡ್ರಿ, ದಶಮಾಂಶ ಬಿಂದು ಆದ ಮ್ಯಾಲ ಸಾಲಾಗಿ ಹನ್ನೆರಡು 9. ಸಾದಾ ಕ್ಯಾಲ್ಕುಲೇಟರ್ ಅದನ್ನ ಪೂರ್ಣಾಂಕ ಅಂತಲೇ ತೋರಸ್ತದ, ಖರೇ ಅಂದ್ರ ಅದು ಟ್ರಾನ್ಸೆಂಡೆಂಟಲ್.

ಸಂಶೋಧನಾ ವಿದ್ಯಾರ್ಥಿ, ಕಡಗಂಚಿ

ಹಾಗೆ ಹೇಳಲು ಆಧಾರ 1934ರ ಗೆಲ್‌ಫಾಂಡ್–ಶ್ನೈಡರ್ ಪ್ರಮೇಯ. 0, 1 ಅಲ್ಲದ ಬೀಜಗಣಿತೀಯ ಸಂಖ್ಯೆಗೆ ಬೀಜಗಣಿತೀಯವಾದ, ಅಭಾಗಲಬ್ಧವಾದ ಪವರ್ ಕೊಟ್ಟರೆ ಬರುವುದು ಟ್ರಾನ್ಸೆಂಡೆಂಟಲ್. ಇ ಪವರ್ (ಐ × ಪೈ) = −1 ಆದ್ದರಿಂದ ‘ಇ ಪವರ್ (ಪೈ × √163)’ ಎಂದರೆ −1ಕ್ಕೆ (−ಐ × √163) ಪವರ್ ಕೊಟ್ಟಂತೆಯೇ. ಪವರ್‌ಗೆ ಆ ಎರಡೂ ಷರತ್ತು ಬೇಕು. ಆಧಾರ 2 ಇರುವ 3ರ ಲಾಗರಿದಮ್ ಅಭಾಗಲಬ್ಧ, ಆದರೆ 2ಕ್ಕೆ ಆ ಪವರ್ ಕೊಟ್ಟರೆ ಬರುವುದು ಬರೀ 3.

ಕೊನೆಯ 5 ನಿಮಿಷಕ್ಕೆ: ಇ + ಪೈ, ಇ × ಪೈ ಎರಡೂ ಬೀಜಗಣಿತೀಯ ಆಗಿರಲು ಸಾಧ್ಯವಿಲ್ಲ, ಯಾಕೆಂದರೆ ಅವನ್ನು ಸಹಗುಣಕ ಮಾಡಿ ಬರೆದ ವರ್ಗ ಸಮೀಕರಣಕ್ಕೆ ಇ, ಪೈಗಳೇ ಮೂಲಗಳು; ಸಹಗುಣಕಗಳು ಬೀಜಗಣಿತೀಯವಾದರೆ ಮೂಲಗಳೂ ಬೀಜಗಣಿತೀಯವೇ ಆಗಬೇಕು. ಆದರೂ ಇ + ಪೈ ಅಭಾಗಲಬ್ಧವೇ ಎಂಬುದೂ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ. ಈ ಕ್ಷೇತ್ರದ ‘ಸಿಕ್ಸ್ ಎಕ್ಸ್‌ಪೊನೆನ್ಶಿಯಲ್ಸ್’ ಪ್ರಮೇಯ (ಕೆಲವು ಷರತ್ತಿನಲ್ಲಿ ‘ಇ’ಯ ಆರು ಪವರ್‌ಗಳಲ್ಲಿ ಒಂದಾದರೂ ಟ್ರಾನ್ಸೆಂಡೆಂಟಲ್ ಎನ್ನುವುದು) ಸಾಧಿಸಿದವರಲ್ಲಿ ಒಬ್ಬರು ನಮ್ಮ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ. ಅವರ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ.

ಬಿ.ಎಸ್ಸಿ. ಕೊನೆಯ ವರ್ಷ, ಕಲಬುರಗಿ

ಭಾಳ ಉಪಕಾರ ಆತ್ರಿ ಎಲ್ಲರದೂ. ಒಂದ ಅನುಮಾನ: ಕತ್ತರಿಸಿದ ಪಿ/ಕ್ಯೂನೇ ಎಫ್‌ಗೆ ಮೂಲ ಆಗಿಬಿಟ್ರ? ಆಗ ‘ಸೊನ್ನೆ ಅಲ್ಲ’ ಅನ್ನೋ ಮಾತೇ ಬಿದ್ದು ಹೋಗ್ತದಲ್ರಿ?

ಪದವಿ ಕಾಲೇಜು ಉಪನ್ಯಾಸಕರು, ಕಲಬುರಗಿ

ಛಲೋ ಪ್ರಶ್ನೆ. ಡಿಗ್ರಿ ಡಿ ಇದ್ರ ಮೂಲಗಳು ಹೆಚ್ಚಂದ್ರ ಡಿ. ಒಂದೊಂದ ಎನ್‌ಗೂ ಪಿ/ಕ್ಯೂ ಬ್ಯಾರೆ ಬ್ಯಾರೆ, ಏರ್ಕೋತ ಹೋಗ್ತಾವ. ಹಂಗಾಗಿ ಹೆಚ್ಚಂದ್ರ ಡಿ ಎನ್‌ಗಳು ಕೆಡ್ತಾವ, ಅವನ್ನ ಬಿಟ್ಟು ಮುಂದಿನ ಎನ್ ತಗೋರಿ. ಇದನ್ನ ಎಫ್ ಬರೆದ ಸಾಲಿನ ಕೆಳಗೇ ಬರದಿಡ್ರಿ, ಕೇಳೋತನಕ ಕಾಯಬ್ಯಾಡ್ರಿ.