ಮುಂಜಾನೆ ಥಂಡ್ಯಾಗ ಗಾಡಿ ನಡಗ್ತೈತಿ, ಬಿಳಿ ಹೊಗಿ, ನಾಝಲ್ ಹೋಗ್ಯಾವೇನ್ರಿ?

ನಿಂಬಿತೋಟ ಇಂಡಿ: ನಮಸ್ಕಾರ್ರಿ ಎಲ್ಲಾರಿಗೂ. ನಂದು 2014ರ ಪಿಕಪ್ ಐತ್ರಿ, ಕಾಮನ್ ರೇಲ್ ಡೀಸೆಲ್ (ಎಲ್ಲಾ ಸಿಲಿಂಡರ್‌ಗೂ ಒಂದ ಪೈಪಿನಿಂದ ಭಾರಿ ಒತ್ತಡದಾಗ ಡೀಸೆಲ್ ಹೋಗೂವಂಥಾದ್ದು), ನಾಕು ಸಿಲಿಂಡರ್. ಇಂಡಿಯಿಂದ ವಿಜಯಪುರ ಎಪಿಎಂಸಿಗೆ ನಿಂಬಿಹಣ್ಣ ಒಯ್ತೀನಿ, ನಸುಕಿನ್ಯಾಗ ನಾಕಕ್ಕ ಬಿಡ್ಬೇಕು. ಡಿಸೆಂಬರ್ ಹತ್ತಿದಾಗಿಂದ ಸೆಲ್ಫ್ ಹೊಡದ್ರ ಚಾಲೂ ಆಗ್ತೈತಿ ಖರೆ, ಆದ್ರ ಎರಡ್ಮೂರು ನಿಮಿಷ ಇಡೀ ಗಾಡಿ ನಡಗ್ತೈತಿ, ಮಿಸ್ಸಿಂಗ್ ಹೊಡಿತೈತಿ, ಬಿಳಿ ಹೊಗಿ ಎಷ್ಟಂದ್ರ ಬಾಜೂಕಿನ ದನದ ಕೊಟಗಿ ತುಂಬ್ತೈತಿ, ಕಣ್ಣು ಉರಿತಾವು. ಬಿಸಿ ಆದಮ್ಯಾಲ ಏನೂ ಇಲ್ಲ, ಲೋಡ್ ಹಾಕಿದ್ರೂ ಛಲೋ ಎಳಿತೈತಿ. ಗ್ಯಾರೇಜ್‌ನಾಂವ ನಾಕೂ ನಾಝಲ್ (ಸಿಲಿಂಡರ್‌ನ್ಯಾಗ ಡೀಸೆಲ್ ಸಿಂಪಡಸೂವು) ಬದ್ಲಿ ಮಾಡ್ರಿ ಅಂತಾನ. ಅಷ್ಟು ರೊಕ್ಕ ಈಗ ಕೈಯಾಗ ಇಲ್ರಿ.

ಗೋಕಾಕ ಡೀಸೆಲ್: ತಡೀರಿ ಅಣ್ಣಾ, ನಾಝಲ್‌ಗೆ ಕೈ ಹಚ್ಚಬ್ಯಾಡ್ರಿ. ಬಿಸಿ ಆದಮ್ಯಾಲ ಸುದ್ದ ಓಡ್ತೈತಿ ಅಂದ್ರ ಮೊದ್ಲ ಹೀಟರ್ ಪ್ಲಗ್ ನೋಡ್ಬೇಕು, ಅಂದ್ರ ಥಂಡ್ಯಾಗ ಒಂದೊಂದು ಸಿಲಿಂಡರ್ ಒಳಗ ಕಾಯ್ಸೂ ಸಣ್ಣ ಹೀಟರ್. ಡೀಸೆಲ್‌ಗೆ ಸ್ಪಾರ್ಕ್ ಇಲ್ಲ, ಗಾಳಿ ಒತ್ತಿ ಹುಟ್ಟಿದ ಕಾವಿಗೇ ಅದು ಹತ್ಗೋಬೇಕು, ಥಂಡ್ಯಾಗ ಆ ಕಾವು ಬ್ಲಾಕ್ ಎಳ್ಕೊಂಡ್ಬಿಡ್ತೈತಿ, ಹೀಟರ್ ಸತ್ತ ಸಿಲಿಂಡರ್‌ನ್ಯಾಗ ಡೀಸೆಲ್ ಸುಡದಂಗ ಹಂಗ ಹೊರಗ ಬರ್ತೈತಿ, ಕಣ್ಣು ಉರಿಯೂದು ಅದಕ್ಕ. ಚೆಕ್ ಮಾಡೂದು ಸಣ್ಣ ಕೆಲಸ. ಬ್ಯಾಟರಿ ವಾಯರ್ ತಗೀರಿ, ನಾಕೂ ಪ್ಲಗ್‌ನ ತಲಿಮ್ಯಾಲಿನ ಪಟ್ಟಿ ಬಿಚ್ಚಿ ಮಲ್ಟಿಮೀಟರ್ ಓಮ್‌ಗೆ ಇಟ್ಟು ಒಂದು ವಾಯರ್ ಪ್ಲಗ್ ತುದಿಗೆ ಒಂದು ಬ್ಲಾಕಿಗೆ ಹಿಡೀರಿ. ಛಲೋ ಪ್ಲಗ್ ಸುಮಾರು 1 ಓಮ್ ಇಲ್ಲಾ ಅದಕ್ಕಿಂತ ಕಡಿಮಿ ತೋರಸ್ತೈತಿ, ಏನೂ ತೋರಸ್ಲಿಲ್ಲ ಅಂದ್ರ ಅದು ಸುಟ್ಟೈತಿ. ನಾಕೂ ಛಲೋ ಇದ್ರ ಅವಕ್ಕ ಕರೆಂಟ್ ಕೊಡೂ ರಿಲೇ, ಫ್ಯೂಸ್ ನೋಡ್ರಿ.

ಇನ್ನೊಂದು, ಹಳೇ ಮಿಸ್ತ್ರಿಗಳಂಗ ಇಂಜಿನ್ ಚಾಲೂ ಇಟ್ಟು ನಾಝಲ್ ಪೈಪ್ ಸಡ್ಲ ಮಾಡಿ ಯಾವ ಸಿಲಿಂಡರ್ ಮಿಸ್ ಅಂತ ನೋಡ್ಲಿಕ್ಕೆ ಹೋಗಬ್ಯಾಡ್ರಿ. ಕಾಮನ್ ರೇಲ್‌ನ್ಯಾಗ ಪ್ರೆಶರ್ ಸಾವಿರ ಬಾರ್ ದಾಟಿ ಏರಬಹುದು, ಆ ಡೀಸೆಲ್ ಚರ್ಮ ತೂರಿ ಒಳಗ ಹೋಗ್ತೈತಿ, ಕೈ ಕಳಕೋಬೇಕಾಗ್ತೈತಿ.

ಬಾಗಲಕೋಟಿ ಹುಡುಗ: ಲಗೂನ ಚಾಲೂ ಆಗ್ಲಿ ಅಂತ ಗಾಳಿ ಎಳ್ಕೊಳ್ಳೂ ಪೈಪಿಗೆ ಈಥರ್ ಸ್ಪ್ರೇನೂ ಹೊಡಿಬ್ಯಾಡ್ರಿ, ಹೀಟರ್ ಕೆಂಪಾಗಿರೂವಾಗ ಅದು ಒಳಗ ಸಿಡೀತೈತಿ. ಡೀಸೆಲ್ ಪೈಪಿನ್ಯಾಗ ಏರ್ ಎಳ್ಯಾಕತ್ತೈತೇನು ಅದನ್ನೂ ನೋಡ್ರಿ, ಡೀಸೆಲ್ ಫಿಲ್ಟರ್ ಮ್ಯಾಲಿನ ಕೈಪಂಪ್ ಮುಂಜಾನೆ ಚಾಲೂ ಮಾಡೂಕಿನ ಮೊದ್ಲ ಬಿಗಿ ಆಗೂತನ ಒತ್ರಿ, ಹಂಗ ಒತ್ತಿದ್ರ ಗಾಡಿ ನಡಗ್ಲಿಲ್ಲ ಅಂದ್ರ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳ್ಯಾಕತ್ತೈತಿ. ಮತ್ತ ರೇಡಿಯೇಟರ್ ನೀರು ಕಡಿಮಿ ಆಗ್ತೈತೇನು? ಬಿಸಿ ಆದ ಮ್ಯಾಲೂ ಬಿಳಿ ಹೊಗಿ ನಿಲ್ಲದಿದ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲಿ ಮತ್ತ ಬ್ಲಾಕ್ ನಡುವಿನ ಪಟ್ಟಿ) ಹೋಗಿ ನೀರು ಒಳಗ ಬರಾಕತ್ತೈತಿ ಅಂತ ಸಂಶಯ.

ನಿಂಬಿತೋಟ ಇಂಡಿ: ನೀರು ಹಂಗ ಐತ್ರಿ, ಕೈಪಂಪ್ ಒತ್ತಿದ್ರೂ ಫರಕ್ ಇಲ್ಲ. ಮೀಟರ್ ತಂದು ನೋಡಿದ್ನಿ, ಮೊದಲ್ನೇದು 0.7, ಮೂರನೇದು 0.8, ಉಳಿದ ಎರಡು ಸತ್ತಾವು! ಬಿಚ್ಚಾಕ ಹೆದರಿಕಿ, ಒಳಗ ಮುರದ್ರ?

ಗೋಕಾಕ ಡೀಸೆಲ್: ಥಂಡ್ಯಾಗ ಬಿಚ್ಚಿದ್ರ ಮುರಿತಾವು. ಸಂಜೀಕ ಬುಡಕ್ಕ ಜಂಗ್ ಬಿಡ್ಸೂ ಎಣ್ಣಿ ಬಿಟ್ಟು ರಾತ್ರಿ ಹಂಗ ಇಡ್ರಿ, ಮರುದಿನ ಎಪಿಎಂಸಿಯಿಂದ ಬಂದ ಮ್ಯಾಲ ಇಂಜಿನ್ ಬಿಸಿ ಇದ್ದಾಗ ಸಣ್ಣ ಪಾನಾದ್ಲೆ ಸ್ವಲ್ಪ ಸಡ್ಲ, ಸ್ವಲ್ಪ ಬಿಗಿ, ಮತ್ತ ಸಡ್ಲ, ಹಿಂಗ ಸಾವಕಾಶ ತಗೀರಿ. ಬಿಗಿ ಬಂದ್ರ ನಿಲ್ಸ್ರಿ. ನಾಕೂ ಹೊಸಾವು ಹಾಕ್ರಿ, ಉಳಿದೆರಡೂ ಅಷ್ಟ ವಯಸ್ಸಿನಾವು.

ನಿಂಬಿತೋಟ ಇಂಡಿ: ಅಣ್ಣಾ ಒಂದೂ ಮುರೀಲಿಲ್ರಿ! ನಾಕೂ ಹೊಸಾವು. ಇವತ್ತು ನಸುಕಿನ್ಯಾಗ ಒಂದ್ಸಲ ನಡಗಿ ಸುಮ್ಮಾತು, ಹೊಗಿ ಹತ್ತಿಪ್ಪತ್ತು ಸೆಕೆಂಡ್ ಬಂದು ನಿಂತ್ತು. ಬ್ಯಾಟರಿ ಸೆಲ್ಫ್ ಹೊಡಿಯೂವಾಗ 9.4 ವೋಲ್ಟ್‌ಗೆ ಇಳಿತೈತಿ, ಅದೂ ನೋಡ್ಬೇಕೇನ್ರಿ?

ಗೋಕಾಕ ಡೀಸೆಲ್: ಹೌದ್ರಿ, 9.6ರ ಕೆಳಗ ಹೋಗಬಾರ್ದು. ಮೊದ್ಲ ಟರ್ಮಿನಲ್ ತಿಕ್ಕಿ ಬಿಗಿ ಮಾಡ್ರಿ, ಫುಲ್ ಚಾರ್ಜ್ ಮಾಡಿ ಮತ್ತೊಮ್ಮೆ ಅಳೀರಿ, ಆಮ್ಯಾಲ ಬ್ಯಾಟರಿ ಮಾತು.