ಕರೆಂಟ್ ಹೋಗಿ ಬಂದರೆ ವೈಫೈ ಇರುತ್ತೆ, ನೆಟ್ ಇರಲ್ಲ. ಪ್ರಿಂಟರ್ ಐಪಿಯೂ ಬದಲಾಗ್ತಿದೆ

ಫೈಬರ್_ಪುತ್ತೂರು

ಮಹಡಿಯಲ್ಲಿ ಫೈಬರ್ ಕಂಪನಿಯ ಓಎನ್‌ಟಿ (ಫೈಬರ್ ಕೇಬಲ್ ಬಂದು ಸೇರುವ ಪೆಟ್ಟಿಗೆ), ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) 192.168.1.1. ಕೆಳಗೆ ಸ್ವಂತ ರೌಟರ್, ಐಪಿ 192.168.0.1. ಎರಡರ ನಡುವೆ ಕೇಬಲ್, ಲ್ಯಾನ್ ಪೋರ್ಟ್‌ನಿಂದ (ಮನೆಯೊಳಗಿನ ಸಾಧನ ಜೋಡಿಸೋ ಕಿಂಡಿ) ಲ್ಯಾನ್ ಪೋರ್ಟ್‌ಗೆ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ.

ಕರೆಂಟ್ ಹೋಗಿ ಬಂದಾಗಲೆಲ್ಲ ಕೆಲವು ಫೋನ್‌ಗಳಲ್ಲಿ ‘ಕನೆಕ್ಟೆಡ್, ಇಂಟರ್ನೆಟ್ ಇಲ್ಲ’. ಸ್ವಲ್ಪ ಹೊತ್ತು ಬಿಟ್ಟು ವೈಫೈ ಆಫ್-ಆನ್ ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತೆ. ಪ್ರಿಂಟರ್ ಒಮ್ಮೆ 192.168.1.7 ತೋರಿಸಿದರೆ ಇನ್ನೊಮ್ಮೆ 192.168.0.103. ಡಿವಿಆರ್‌ಗೆ (ಸಿಸಿಟಿವಿ ರೆಕಾರ್ಡ್ ಮಾಡೋ ಪೆಟ್ಟಿಗೆ) ಕ್ಯಾಮೆರಾ ಹಾಕಿದವರು ಕೈಯಾರೆ 192.168.1.64 ಕೊಟ್ಟಿದ್ದಾರೆ, ಅದೂ ಆಗಾಗ ಸಿಗಲ್ಲ. ರೌಟರ್ ಬದಲಾಯಿಸಬೇಕಾ?

ಗೇಟ್‌ವೇ_ಗೌಡ್ರು

ಬೇಡ, ದುಡ್ಡು ದಂಡ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್ (ಸಾಧನಗಳಿಗೆ ತಾನಾಗೇ ಐಪಿ ಹಂಚೋದು) ಓಡ್ತಿವೆ, ಅಷ್ಟೇ.

ಫೋನ್ ವೈಫೈಗೆ ಸೇರಿದ ಕೂಡಲೇ ‘ನನಗೊಂದು ಐಪಿ ಕೊಡಿ’ ಅಂತ ಇಡೀ ನೆಟ್‌ವರ್ಕ್‌ಗೆ ಕೂಗು ಹಾಕುತ್ತೆ. ಸಾಮಾನ್ಯವಾಗಿ ಮೊದಲು ಓಗೊಟ್ಟವರ ಐಪಿಯನ್ನೇ ಹಿಡಿಯುತ್ತೆ. ಓಎನ್‌ಟಿ ಬೂಟ್ ಆಗೋಕೆ ಹೆಚ್ಚು ಹೊತ್ತು ಬೇಕು, ನಿಮ್ಮ ರೌಟರ್ ಅದಕ್ಕಿಂತ ಮುಂಚೆ ಎದ್ದು ಕೂತಿರುತ್ತೆ. ಹಾಗಾಗಿ ಕರೆಂಟ್ ಬಂದಾಗ ಐಪಿ ಹಂಚೋದು ರೌಟರ್. ಜೊತೆಗೆ ಗೇಟ್‌ವೇ (ಇಂಟರ್ನೆಟ್‌ಗೆ ಹೋಗೋ ಬಾಗಿಲು) ಅಂತ ತನ್ನದೇ 192.168.0.1 ಕೊಡುತ್ತೆ. ಅದರ ವ್ಯಾನ್ ಪೋರ್ಟ್‌ನಲ್ಲಿ (ಹೊರಗಿನ ಇಂಟರ್ನೆಟ್ ಒಳಗೆ ಬರೋ ಕಿಂಡಿ) ಕೇಬಲ್ಲೇ ಇಲ್ಲ, ನೆಟ್ ಎಲ್ಲಿಂದ ಬರಬೇಕು?

ಖಚಿತ ಮಾಡ್ಕೊಳ್ಳಿ: ನೆಟ್ ಇಲ್ಲದಾಗ ವಿಂಡೋಸ್ ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ /ಆಲ್ (ipconfig /all) ಕೊಡಿ. ‘ಡಿಎಚ್‌ಸಿಪಿ ಸರ್ವರ್’ ಸಾಲಿನಲ್ಲಿ 192.168.0.1 ಇದ್ದರೆ ಕಳ್ಳ ಸಿಕ್ಕ. (169.254 ಅಂತ ಶುರುವಾಗೋ ಐಪಿ ಇದ್ದರೆ ಕಥೆ ಬೇರೆ. ಯಾವ ಸರ್ವರ್ರೂ ಉತ್ತರ ಕೊಟ್ಟಿಲ್ಲ ಅಂತ ಅರ್ಥ. ಕೇಬಲ್, ವೈಫೈ ಸಂಪರ್ಕ ನೋಡಿ.)

ಪರಿಹಾರ. ರೌಟರ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ (ಐಪಿ ಹಂಚದೆ ವೈಫೈ ಮಾತ್ರ ಕೊಡೋದು) ಇದ್ದರೆ ಅದನ್ನೇ ಆನ್ ಮಾಡಿ, ಮುಗೀತು. ಇಲ್ಲದಿದ್ದರೆ ಎರಡರ ನಡುವಿನ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ರೌಟರ್‌ಗೆ ಕೇಬಲ್‌ನಲ್ಲೇ ಜೋಡಿಸಿ ಬ್ರೌಸರ್‌ನಲ್ಲಿ 192.168.0.1 ತೆರೆಯಿರಿ. ಮೊದಲು ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಮಾಡಿ, ಆಮೇಲೆ ಲ್ಯಾನ್ ಐಪಿಯನ್ನು 192.168.1.2, ಮಾಸ್ಕ್ 255.255.255.0 ಮಾಡಿ. ನಡುವೆ ಪುಟ ತೆರೆಯದೇ ಹೋದರೆ ಗಾಬರಿ ಬೇಡ. ಐಪಿ ಕೊಡೋರು ಯಾರೂ ಉಳಿದಿಲ್ಲ, ಅಷ್ಟೇ. ಲ್ಯಾಪ್‌ಟಾಪ್‌ಗೆ ಕೈಯಾರೆ 192.168.0.50 ಹಾಕಿ ಒಳಗೆ ಹೋಗಿ, ಕೆಲಸ ಮುಗಿದ ಮೇಲೆ ಮತ್ತೆ ‘ಆಟೊಮ್ಯಾಟಿಕ್’ಗೆ ತನ್ನಿ. ಕೊನೆಗೆ ಕೇಬಲ್ ಮೊದಲಿದ್ದ ಹಾಗೇ ಲ್ಯಾನ್‌ನಿಂದ ಲ್ಯಾನ್‌ಗೆ.

ತಂತಿ_ತಿಮ್ಮ

ಇಷ್ಟಾದರೂ ಡಿವಿಆರ್ ಸಮಸ್ಯೆ ಹಾಗೇ ಉಳಿಯುತ್ತೆ. ಕೈಯಾರೆ ಕೊಟ್ಟ .64 (ಅಂದರೆ 192.168.1.64) ಓಎನ್‌ಟಿಯ ಪೂಲ್ (ಅದು ಹಂಚೋ ಐಪಿಗಳ ಸಾಲು) ಒಳಗೇ ಬಂದಿರೋ ಹಾಗಿದೆ. ಎಷ್ಟೋ ಓಎನ್‌ಟಿಗಳಲ್ಲಿ ಪೂಲ್ 2ರಿಂದ 254ರವರೆಗೆ ಇರುತ್ತೆ. ಡಿವಿಆರ್ ಐಪಿ ಕೇಳೋದೇ ಇಲ್ಲ, ಹಾಗಾಗಿ ಅದು ಬಳಕೆಯಲ್ಲಿದೆ ಅಂತ ಓಎನ್‌ಟಿಯ ಪಟ್ಟಿಯಲ್ಲಿ ಇರಲ್ಲ. ಡಿವಿಆರ್ ಇನ್ನೂ ಏಳದೆ ಇರೋ ಹೊತ್ತಲ್ಲಿ ಯಾವುದೋ ಫೋನ್‌ಗೆ .64 ಹೋದರೆ ಒಂದೇ ಐಪಿಗೆ ಇಬ್ಬರು ಯಜಮಾನರು.

ಓಎನ್‌ಟಿಯಲ್ಲಿ ಪೂಲನ್ನು 192.168.1.20ರಿಂದ 192.168.1.200ರವರೆಗೆ ಮಾತ್ರ ಇಡಿ. ಡಿವಿಆರ್‌ಗೆ .11 ಕೊಡಿ, ಗೇಟ್‌ವೇ 192.168.1.1, ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡೋದು) ಕೂಡ ಅದೇ. ಈ ಎರಡು ಖಾಲಿ ಬಿಟ್ಟರೆ ಮನೆಯೊಳಗೆ ಕ್ಯಾಮೆರಾ ಕಾಣುತ್ತೆ, ಹೊರಗಿಂದ ಆ್ಯಪ್‌ನಲ್ಲಿ ಕಾಣಲ್ಲ. ಓಎನ್‌ಟಿಯಲ್ಲೇ ಪ್ರಿಂಟರ್‌ಗೆ ಅದರ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಹಾಕಿ .10 ರಿಸರ್ವ್ ಮಾಡಿ, ಅಂದರೆ ಯಾವಾಗಲೂ ಅದಕ್ಕೇ ಸಿಗೋ ಹಾಗೆ ಇಡಿ. ಕೆಲವು ಓಎನ್‌ಟಿ ಪೂಲ್ ಹೊರಗಿನ ಐಪಿ ರಿಸರ್ವ್ ಮಾಡೋಕೆ ಬಿಡಲ್ಲ, ಆಗ .20 ತಗೊಳ್ಳಿ. ಫೋನ್‌ಗೂ ರಿಸರ್ವ್ ಮಾಡ್ತೀರಾದರೆ ಫೋನ್‌ನಲ್ಲಿ ಆ ವೈಫೈಗೆ ‘ರಾಂಡಮೈಸ್ಡ್ ಮ್ಯಾಕ್’ (ನಿಜವಾದ ಮ್ಯಾಕ್ ಬದಲು ಬೇರೆಯದನ್ನು ತೋರಿಸೋದು) ಆಫ್ ಮಾಡಿ. ಆಂಡ್ರಾಯ್ಡ್ 10ರಿಂದ, ಐಓಎಸ್ 14ರಿಂದ ಅದು ತಾನಾಗೇ ಆನ್ ಇರುತ್ತೆ.

ಫೈಬರ್_ಪುತ್ತೂರು

ಎಲ್ಲಾ ಮಾಡಿದೆ. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಿದೆ, ಫೋನ್‌ಗಳೆಲ್ಲ ಸರಿ. ಪ್ರಿಂಟರ್ .10 ತೋರಿಸ್ತಿದೆ, ಪಿಂಗ್ ಮಾಡಿದರೆ ಉತ್ತರವೂ ಬರ್ತಿದೆ. ಆದರೂ ವಿಂಡೋಸ್‌ನಲ್ಲಿ ಆಫ್‌ಲೈನ್! ಇನ್ನೊಂದು: ಡಿವಿಆರ್‌ಗೆ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದದ್ದನ್ನು ಓಎನ್‌ಟಿ ಡಿವಿಆರ್‌ಗೆ ದಾಟಿಸೋ ಸೆಟ್ಟಿಂಗ್) ಮಾಡಿದರೂ ಹೊರಗಿಂದ ತೆರೆಯಲ್ಲ. ಓಎನ್‌ಟಿಯ ವ್ಯಾನ್ ಐಪಿ 100.72ರಿಂದ ಶುರುವಾಗುತ್ತೆ.

ಗೇಟ್‌ವೇ_ಗೌಡ್ರು

ವಿಂಡೋಸ್ ಇನ್ನೂ ಹಳೇ ಐಪಿಗೇ ಕಳಿಸ್ತಿದೆ. ಪ್ರಿಂಟರ್ ಪ್ರಾಪರ್ಟೀಸ್, ಅದರಲ್ಲಿ ಪೋರ್ಟ್ಸ್ ಟ್ಯಾಬ್. ಟಿಕ್ ಇರೋ ಸಾಲಿನಲ್ಲಿ 192.168.1.7 ಅಥವಾ 0.103 ಕಾಣುತ್ತೆ. ‘ಆ್ಯಡ್ ಪೋರ್ಟ್’ ಒತ್ತಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಆರಿಸಿ 192.168.1.10 ಹಾಕಿ. ಡ್ರೈವರ್ ತೆಗೆದು ಹಾಕೋ ಸರ್ಕಸ್ ಬೇಡ.

ವ್ಯಾನ್ ಐಪಿ ವಿಷಯ: 100.64ರಿಂದ 100.127ರವರೆಗೆ ಇದ್ದರೆ ಅದು ಸಿಜಿಎನ್ಎಟಿ. ಒಂದು ಪಬ್ಲಿಕ್ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚಿರುತ್ತೆ. ಹೊರಗಿಂದ ಬಂದದ್ದು ನಿಮ್ಮ ಓಎನ್‌ಟಿವರೆಗೆ ತಲುಪೋದೇ ಇಲ್ಲ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಅಷ್ಟೇ. ಆ ಫಾರ್ವರ್ಡ್ ತೆಗೆದುಹಾಕಿ. ಡಿವಿಆರ್‌ನ ಪಿ2ಪಿ (ಪೋರ್ಟ್ ಫಾರ್ವರ್ಡ್ ಇಲ್ಲದೆ ಆ್ಯಪ್‌ಗೆ ಜೋಡಿಸೋ ಸೌಲಭ್ಯ) ಆನ್ ಮಾಡಿ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ, ಇಲ್ಲಾ ಕಂಪನಿಯವರ ಹತ್ತಿರ ಸ್ಟ್ಯಾಟಿಕ್ ಐಪಿ ಕೇಳಿ. ಪಿ2ಪಿ ಆನ್ ಮಾಡೋ ಮೊದಲು ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಕ್ಯಾಮೆರಾ ಹಾಕಿದವರು ಇಟ್ಟದ್ದೇ ಇನ್ನೂ ಇರಬಹುದು.

ಫೈಬರ್_ಪುತ್ತೂರು

ಪೋರ್ಟ್ ಬದಲಿಸಿದ ತಕ್ಷಣ ಕ್ಯೂನಲ್ಲಿ ಬಾಕಿ ಇದ್ದ ಪುಟಗಳೆಲ್ಲ ಒಂದರ ಹಿಂದೊಂದು ಬಂದವು. ಪಿ2ಪಿಯೂ ಆಯ್ತು, ಪಾಸ್‌ವರ್ಡ್ ಬದಲಾಯಿಸಿದೆ.